ನೋಡೋಣ ಅಂದಿದ್ದರು

ಶಾಲೆಯಲ್ಲಿ ನನಗೆ ಕಸದ ಮಿಸ್ ಎಂದು ಹೆಸರು. ಇಟ್ಟವರು ಮಕ್ಕಳಲ್ಲ, ಲೆಕ್ಕದ ಮೇಷ್ಟ್ರು. ಬಾಟಲಿಯ ಮುಚ್ಚಳ, ಇಂಕು ತೀರಿದ ಪೆನ್ನು, ಕೆಟ್ಟ ಟಾರ್ಚು, ಹಳೆಯ ಕನ್ನಡಿಯ ಚೂರು, ಯಾರು ಏನನ್ನು ಎಸೆಯಲು ಹೊರಟರೂ ನಾನು ನಡುವೆ ಕೈ ಚಾಚುತ್ತಿದ್ದೆ. "ಹೀಗೇ ಆದ್ರೆ ಒಂದು ದಿನ ನಮ್ಮನ್ನೂ ಎತ್ತಿಟ್ಕೊಂಡುಬಿಡ್ತೀರಾ ಮೇಡಂ" ಎಂದು ಮೇಷ್ಟ್ರು ರೇಗಿಸುತ್ತಿದ್ದರು. "ನಿಮ್ಮಲ್ಲಿ ಉಪಯೋಗಕ್ಕೆ ಬರೋ ಭಾಗ ಯಾವುದಿದೆ ಹೇಳಿ, ಯೋಚಿಸ್ತೀನಿ" ಎನ್ನುತ್ತಿದ್ದೆ ನಾನು.

ಆ ಕಸವೆಲ್ಲ ಇದ್ದದ್ದು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ. ಹಿಂದೆ ಅದು ಮುರಿದ ಬೆಂಚುಗಳನ್ನು ಒಟ್ಟುವ ಜಾಗ. ಒಂದೇ ಕಿಟಕಿ, ಒಂದು ಸಿಂಕು, ಎಷ್ಟು ಬಿಗಿ ಮಾಡಿದರೂ ತೊಟ್ಟಿಕ್ಕುವ ಒಂದು ನಲ್ಲಿ. ಒಂದನೇ ಎರಡನೇ ತರಗತಿಯ ಮಕ್ಕಳಿಗೆ ವಿಜ್ಞಾನವನ್ನು ಬಾಯಿಪಾಠ ಮಾಡಿಸುವುದು ಪಾಪದ ಕೆಲಸ ಎಂದು ಶಾಲೆ ಕಟ್ಟಿದ, ನಾವೆಲ್ಲ ದೊಡ್ಡಮ್ಮ ಎನ್ನುತ್ತಿದ್ದ ಹಿರಿಯಾಕೆಯ ತಲೆಯನ್ನು ನಾನು ತಿಂದೂ ತಿಂದೂ ಅದರ ಬೀಗದಕೈ ಇಸಿದುಕೊಂಡಿದ್ದೆ. "ತಗೋ ತಾಯಿ, ಕೋಣೆ ಇಟ್ಕೋ, ನನ್ನ ತಲೆ ಬಿಡು" ಎಂದು ಅವರು ಕೈಮುಗಿದಿದ್ದರು. ಬಾಗಿಲ ಮೇಲೆ ಮಕ್ಕಳೇ ಬಣ್ಣದಲ್ಲಿ ಬರೆದರು: ಮಾಡಿ ನೋಡುವ ಕೋಣೆ. ನೋಡುವ ಎಂಬಲ್ಲಿ ದೀರ್ಘ ಬಿಟ್ಟುಹೋಗಿತ್ತು. ನಾನು ತಿದ್ದಲಿಲ್ಲ.

ಕೋಣೆಯ ಒಳಗೆ ಒಂದು ಕಟ್ಟಳೆ ಇತ್ತು. "ಗೊತ್ತು" ಎನ್ನುವ ಹಾಗಿಲ್ಲ. ಏನಾಗುತ್ತದೆ ಎಂದು ನಾನು ಕೇಳಿದರೆ ಮೊದಲು ತಮಗೆ ಅನಿಸಿದ್ದು ಹೇಳಬೇಕು, ತಪ್ಪಾದರೂ ಚಿಂತೆಯಿಲ್ಲ. ಆಮೇಲೆ ಎಲ್ಲರೂ ಸೇರಿ "ನೋಡೋಣ" ಎನ್ನಬೇಕು. ನೋಡೋಣ ಎಂದ ಮೇಲೆ ಮುಗಿಯಿತು, ಮಾಡಲೇಬೇಕು. ನೀರು ಚೆಲ್ಲಲಿ, ಬಟ್ಟೆ ಒದ್ದೆಯಾಗಲಿ, ಗಂಟೆ ಹೊಡೆಯಲಿ, ಮಾಡದೆ ಯಾರೂ ಹೊರಗೆ ಹೋಗುವ ಹಾಗಿಲ್ಲ. ಒಮ್ಮೆ ಟಾರ್ಚಿನ ಬಲ್ಬಿಗೆ ತಂತಿ ಹಿಡಿದು, ಅದು ಹತ್ತದೆ, ತಿರುಗಿಸಿ ಹಿಡಿದು, ಮತ್ತೆ ಹತ್ತದೆ, ಊಟದ ಹೊತ್ತು ಕಳೆದೇಹೋಯಿತು. ಕೊನೆಗೆ ಹತ್ತಿತು. ಆ ಕಿರುಚಾಟಕ್ಕೆ ಮಹಡಿಯ ಮೇಲಿನ ದೊಡ್ಡ ತರಗತಿಯವರು ಏನೋ ಅನಾಹುತವಾಯಿತೆಂದು ಓಡಿ ಬಂದರು.

ಎಲ್ಲರಿಗಿಂತ ಜೋರಾಗಿ ಕಿರುಚಿದವಳು ಯಾಕಮ್ಮ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಅದು ಹಾಜರಿ ಕೂಗುವಾಗ ಮಾತ್ರ. ಏನು ಹೇಳಿದರೂ "ಯಾಕೆ?" ಎನ್ನುವ ಎರಡನೇ ತರಗತಿಯ ಹುಡುಗಿಗೆ ಇನ್ನೇನೆಂದು ಕರೆಯುವುದು? ಅಕ್ಷರ ಓದುವುದರಲ್ಲಿ ಅವಳು ಎಲ್ಲರಿಗಿಂತ ಹಿಂದೆ. ಪುಸ್ತಕ ತೆರೆದರೆ ತೂಕಡಿಕೆ. ಆದರೆ ಆ ಕೋಣೆಯೊಳಗೆ ಅವಳ ಬೆರಳುಗಳಿಗೆ ಕಣ್ಣಿತ್ತು. ಬೀನ್ಸ್ ಬೀಜದಿಂದ ಮೊದಲು ಹೊರಡುವುದು ಎಲೆಯಲ್ಲ, ಬೇರು ಎಂದು ತರಗತಿಗೆ ಹೇಳಿದವಳು ನಾನಲ್ಲ, ಅವಳು. ದಿನಾ ಸಂಜೆ ಕರೆದುಕೊಂಡು ಹೋಗಲು ಬರುವ ಅವಳ ಅಜ್ಜಿ ನನ್ನನ್ನು ಕಂಡೊಡನೆ ದೂರು ಶುರು ಮಾಡುತ್ತಿದ್ದರು. "ಮಿಸ್, ನಿನ್ನೆ ಅವರಪ್ಪನ ಚಪ್ಪಲೀನ ಬಕೆಟ್ಟಲ್ಲಿ ಮುಳುಗಿಸಿದಾಳೆ. ತೇಲುತ್ತಾ ನೋಡ್ತಿದ್ಲಂತೆ. ನೀವೇ ಕಲಿಸಿದ್ದಂತೆ." ನಾನು ಮುಖ ಗಂಟುಹಾಕಿಕೊಂಡು "ವಿಚಾರಿಸ್ತೀನಿ ಅಜ್ಜಿ" ಎಂದು, ಒಳಗೆ ಹೋಗಿ ನಗುತ್ತಿದ್ದೆ.

ದೊಡ್ಡಮ್ಮ ತೀರಿಕೊಂಡರು. ಶಾಲೆ ಅವರ ಅಳಿಯನ ಕೈಗೆ ಬಂತು. ಇಡೀ ಶಾಲೆ ಅವರನ್ನು ಹಿಂದಿನಿಂದ ಅಳಿಯಂದ್ರು ಎಂದೇ ಕರೆಯುತ್ತಿತ್ತು. ಹಾಗೆ ಕರೆಯುವುದು ಸರಿಯಲ್ಲ ಎಂದು ಆಫೀಸಿನವರು ಒಮ್ಮೆ ಗದರಿದ್ದಕ್ಕೆ ಲೆಕ್ಕದ ಮೇಷ್ಟ್ರು "ಸರಿ, ಇನ್ಮೇಲೆ ಅಳಿಯ ಅಲ್ಲ, ಮಗಳ ಗಂಡ" ಎಂದರು. ಕೆಟ್ಟ ಮನುಷ್ಯರೇನೂ ಅಲ್ಲ ಅವರು. ಕೆಟ್ಟವರಾಗಿದ್ದರೆ ನನಗೆ ಸುಲಭವಿತ್ತು, ನನ್ನ ಬಾಯಿ ನನಗಿತ್ತು. ಎದುರಿಗೆ ಸಿಕ್ಕರೆ ನಿಂತು ಮಾತಾಡಿಸುವ, ಆಯಾಳಿಗೂ ನಮಸ್ಕಾರ ಮಾಡುವ, ಯಾವುದಕ್ಕೂ ಇಲ್ಲ ಎನ್ನದ ಮನುಷ್ಯ.

ಅವರೇ ಒಂದು ದಿನ ಸಿಬ್ಬಂದಿಯ ಸಭೆಯಲ್ಲಿ ಪರದೆಯ ವಿಷಯ ತೆಗೆದರು. ಗೋಡೆಯಷ್ಟು ದೊಡ್ಡ ಟಿವಿ ಪರದೆಯಂತೆ. ಪುಸ್ತಕದಲ್ಲಿರುವ ಪ್ರಯೋಗಗಳೆಲ್ಲ ಅದರಲ್ಲಿ ಬರುತ್ತವಂತೆ. ಒಂದು ಹನಿ ನೀರು ಚೆಲ್ಲುವುದಿಲ್ಲ, ಒಂದು ಮಗುವಿನ ಕೈ ಕುಯ್ಯುವುದಿಲ್ಲ. ಬೆಳಕು ಕಡಿಮೆ ಇರುವ ಕೋಣೆಯಾದರೆ ಚಿತ್ರ ಚೆನ್ನಾಗಿ ಕಾಣುತ್ತದೆ ಎಂದು ಪರದೆ ಮಾರುವ ಕಂಪನಿಯವರು ಎಲ್ಲ ಕೋಣೆ ಸುತ್ತಿ ನೋಡಿ, ಮೆಟ್ಟಿಲ ಕೆಳಗಿನದನ್ನು ಆರಿಸಿದ್ದರು. ನನ್ನ ಕೋಣೆಯನ್ನು.

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಸಾರ್?" ಎಂದೆ ನಾನು. ದನಿ ಏರಿತ್ತು. "ಕಿತ್ತಳೆಹಣ್ಣು ಕೈಯಲ್ಲೇ ಇರುವಾಗ ಅದರ ಚಿತ್ರ ಯಾಕೆ? ಒಂದು ಸಲ ಬಂದು ನಮ್ಮ ಮಕ್ಕಳು ಮಾಡೋದನ್ನ ನೋಡಿ. ಆಮೇಲೆ ತೀರ್ಮಾನ ಮಾಡಿ."

"ನೋಡೋಣ ಮೇಡಂ" ಎಂದರು ಅವರು, ನಗುತ್ತ.

ದೊಡ್ಡವರ ಬಾಯಲ್ಲಿ ಈ ಮಾತಿನ ಅರ್ಥವೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಸೂರು ಸೋರುತ್ತಿದೆ ಎಂದ ಬಾಡಿಗೆಯವನಿಗೆ ಮನೆಯ ಮಾಲೀಕ ಹೇಳುವುದು ನೋಡೋಣ. ವರ್ಗ ಮಾಡಿಕೊಡಿ ಎಂದ ಗುಮಾಸ್ತನಿಗೆ ಮೇಲಿನವನು ಹೇಳುವುದೂ ನೋಡೋಣ. ಇಲ್ಲ ಎನ್ನಲು ನಾಲಿಗೆ ಬಾರದವರು ಮೂಗಿಗೆ ತುಪ್ಪ ಸವರುವುದು ಹೀಗೆಯೇ. ಹೊರಗೆ ಬಂದಾಗ ಲೆಕ್ಕದ ಮೇಷ್ಟ್ರು ನನ್ನ ಪಕ್ಕ ನಡೆಯುತ್ತ ಹೇಳಿದರು: "ಮೇಡಂ, ಕಸ ಕಟ್ಟೋಕೆ ನಾನೊಂದು ಗೋಣಿಚೀಲ ತಂದ್ಕೊಡ್ಲಾ?" ನನಗೆ ನಗು ಬರಲಿಲ್ಲ. ಅವರೂ ನಗಿಸಲೆಂದು ಹೇಳಿರಲಿಲ್ಲ.

ಆದರೆ ಅಳಿಯಂದ್ರು ಬಂದರು! ನಿಜವಾಗಿ ಬಂದರು, ಹೇಳಿ ಕಳಿಸದೆ, ಒಂದು ಬೆಳಿಗ್ಗೆ. ನಾವು ಪ್ಲಾಸ್ಟಿಕ್ ಟಬ್ಬಿಗೆ ನೀರು ತುಂಬಿಸಿಕೊಂಡು ಸುತ್ತ ಕೂತಿದ್ದೆವು. ಅವರು ಬಾಗಿಲಲ್ಲಿ ಬಗ್ಗಿ ಒಳಗೆ ಬಂದು, ಮಕ್ಕಳ ಪುಟ್ಟ ಸ್ಟೂಲಿನ ಮೇಲೆ ಮಂಡಿ ಗಲ್ಲಕ್ಕೆ ತಾಗುವ ಹಾಗೆ ಕೂತರು. ಫೋನು ತೆಗೆದು ವಿಡಿಯೊ ಹಿಡಿಯತೊಡಗಿದರು.

ನಾನು ಸಿಪ್ಪೆ ಇದ್ದ ಕಿತ್ತಳೆಹಣ್ಣನ್ನು ನೀರಿಗೆ ಬಿಟ್ಟೆ. ತೇಲಿತು. "ಈಗ ಸಿಪ್ಪೆ ಸುಲಿದು ಬಿಟ್ರೆ?" ಎಂದೆ.

"ತೇಲುತ್ತೆ!" ಎಂದರು ಎಲ್ಲರೂ. "ಇನ್ನೂ ಮೇಲೆ ತೇಲುತ್ತೆ. ಭಾರ ಕಮ್ಮಿ ಆಗುತ್ತಲ್ಲ ಮಿಸ್."

"ಸಾರ್, ನಿಮಗೇನನ್ಸುತ್ತೆ?" ಎಂದು ಯಾಕಮ್ಮ ನೇರವಾಗಿ ಅವರನ್ನೇ ಕೇಳಿದಳು. "ಗೊತ್ತು ಅನ್ನಬಾರದು."

ಅವರು ತಲೆ ಕೆರೆದುಕೊಂಡರು. "ತೇಲಬೇಕಪ್ಪ" ಎಂದರು.

"ನೋಡೋಣ!" ಎಂದು ಕೋಣೆ ಕೂಗಿತು. ಯಾಕಮ್ಮ ಉಗುರು ನಾಟಿಸಿ ಸಿಪ್ಪೆ ಸುಲಿದಳು. ಹಣ್ಣನ್ನು ಎರಡೂ ಕೈಯಲ್ಲಿ ಹಿಡಿದು ನೀರಿಗೆ ಇಳಿಬಿಟ್ಟಳು. ಅದು ನೆಟ್ಟಗೆ ತಳಕ್ಕೆ ಹೋಗಿ ಕೂತಿತು. ಆಮೇಲೆ ಎಲ್ಲರ ಕೈಯೂ ಟಬ್ಬಿನೊಳಗೆ. ಅಳಿಯಂದ್ರು ಫೋನನ್ನು ನನ್ನ ಕೈಗೆ ತುರುಕಿ, ಅಂಗಿಯ ತೋಳು ಮಡಚಿ, ತಾವೂ ಕೈ ಹಾಕಿದರು. ಹಣ್ಣನ್ನು ಮೇಲೆತ್ತಿ ಬಿಟ್ಟರು, ಮುಳುಗಿತು. ಮತ್ತೆ ಎತ್ತಿ ಬಿಟ್ಟರು. "ಯಾಕೆ?" ಎಂದು ಅವರೂ ಕೇಳಿಬಿಟ್ಟರು. ಯಾಕಮ್ಮ ಸಿಪ್ಪೆಯನ್ನು ನೀರೊಳಗೆ ಹಿಚುಕಿ ಗುಳ್ಳೆ ತೋರಿಸಿದಳು. "ಇಲ್ಲಿ ಗಾಳಿ ಇದೆ ಸಾರ್. ಸಿಪ್ಪೆ ಅದರ ಈಜೋ ಟ್ಯೂಬು." ಅವರ ಅಂಗಿಯ ಮುಂಭಾಗವೆಲ್ಲ ಒದ್ದೆ. ಮುಖ ನೋಡಿದರೆ ಎರಡನೇ ತರಗತಿಯ ಹುಡುಗನ ಮುಖ. ಆ ಹೊತ್ತು ನನಗೆ ಆಸೆ ಹುಟ್ಟಿತು. ಸುಳ್ಳು ಯಾಕೆ ಹೇಳಲಿ, ಕೋಣೆ ಉಳಿದೇ ಉಳಿಯಿತು ಎಂದುಕೊಂಡೆ.

ಅವರು ಏಳುವಾಗ ಯಾಕಮ್ಮ ಅವರ ಒದ್ದೆ ತೋಳು ಹಿಡಿದುಕೊಂಡಳು. ಆಯಾಳ ಬಾಯಿಂದ ಪರದೆಯ ಸುದ್ದಿ ಮಕ್ಕಳಿಗೂ ಮುಟ್ಟಿತ್ತು. "ಸಾರ್, ನಮ್ಮ ಕೋಣೆ ತೆಗೀಬೇಡಿ. ಇಲ್ಲೇ ಇರ್ಲಿ. ಇರುತ್ತಾ?"

ಅವರು ಅವಳ ತಲೆ ಸವರಿದರು. ಒಂದು ಗಳಿಗೆ ನನ್ನ ಕಡೆ ನೋಡಿ, ಕಣ್ಣು ಬೇರೆ ಕಡೆ ತಿರುಗಿಸಿದರು. "ನೋಡೋಣ ಪುಟ್ಟಿ" ಎಂದರು.

ಮಕ್ಕಳು ಹೋ ಎಂದು ಚಪ್ಪಾಳೆ ತಟ್ಟಿದರು. ಕುಣಿದರು. ಸ್ಟೂಲು ಉರುಳಿತು. ಯಾಕಮ್ಮ ಟಬ್ಬಿನ ನೀರನ್ನು ಮೇಲಕ್ಕೆ ಎರಚಿದಳು. ಅಳಿಯಂದ್ರಿಗೆ ಏನೂ ಅರ್ಥವಾಗಲಿಲ್ಲ, ತಮ್ಮನ್ನು ಕಂಡರೆ ಮಕ್ಕಳಿಗೆ ಇಷ್ಟು ಪ್ರೀತಿಯೇ ಎಂದು ಸಂತೋಷಪಟ್ಟುಕೊಂಡು ಕೈಬೀಸಿ ಹೋದರು. ಅರ್ಥವಾದದ್ದು ನನಗೆ. ಆ ಕೋಣೆಯೊಳಗೆ ನೋಡೋಣ ಎಂದ ಮೇಲೆ ಮಾಡದೆ ಹೋದವರು ಯಾರೂ ಇರಲಿಲ್ಲವಲ್ಲ! ಆ ಮಾತಿಗೆ ಇನ್ನೊಂದು ಅರ್ಥವಿದೆ ಎಂದು ಈ ಮಕ್ಕಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನಂತೂ ಹೇಳಿಕೊಟ್ಟಿರಲಿಲ್ಲ.

"ಹೇಳಿಬಿಡಿ ಮೇಡಂ" ಎಂದರು ಲೆಕ್ಕದ ಮೇಷ್ಟ್ರು. "ಈಗ ಸ್ವಲ್ಪ ಅಳ್ತಾವೆ, ಮುಗಿದುಹೋಗುತ್ತೆ."

"ಏನಂತ ಹೇಳ್ಲಿ? ದೊಡ್ಡವರು ಹಾಗಂದ್ರೆ ಮಾಡಲ್ಲ ಅಂತ ಅರ್ಥ, ಬರ್ಕೊಳ್ಳಿ ಅಂತಲಾ?"

"ಅದೂ ಒಂದು ಪಾಠ ತಾನೇ."

"ಆ ಪಾಠ ನೀವೇ ಮಾಡಿ" ಎಂದು ನಾನು ಸಿಡುಕಿದೆ. ಬಿಸಿತುಪ್ಪದ ಹಾಗೆ, ಮಕ್ಕಳಿಗೆ ಹೇಳಬೇಕಾದ ಆ ಮಾತು ನನ್ನ ಬಾಯಲ್ಲೇ ಉಳಿಯಿತು, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಅಳಿಯಂದ್ರನ್ನು ಆಫೀಸಿನಲ್ಲಿ ಮತ್ತೆ ಮತ್ತೆ ಕಂಡೆ. ಕಲ್ಲಿನ ಮೇಲೆ ನೀರು ಸುರಿದ ಹಾಗಾಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಅವರು ಪ್ರತಿ ಸಲವೂ ಕುರ್ಚಿ ಕೊಟ್ಟು, ಕೇಳಿ, ತಲೆದೂಗುತ್ತಿದ್ದರು. ಬೇರೆ ಕೋಣೆ ಕೊಡಿ ಎಂದೆ, ಖಾಲಿ ಇಲ್ಲ. ವರಾಂಡದ ಮೂಲೆ ಕೊಡಿ ಎಂದೆ, ನೀರು ಚೆಲ್ಲಿ ಯಾರಾದರೂ ಜಾರಿ ಬಿದ್ದರೆ ಎಂದರು. ನನ್ನ ತರಗತಿಯಲ್ಲೇ ಮಾಡಿಸುತ್ತೇನೆ ಎಂದೆ. "ಪರದೆ ಬಂದ ಮೇಲೆ ಅದರ ಅಗತ್ಯಾನೇ ಬೀಳಲ್ಲ ಮೇಡಂ. ನಿಮಗೂ ವಯಸ್ಸಾಯ್ತು. ಎಷ್ಟೂಂತ ಬಕೆಟ್ ಹೊರ್ತೀರಾ?" ಎಂದರು. ಮನಸಾರೆ ಹೇಳಿದರು. ಅದೇ ನನ್ನ ಹೊಟ್ಟೆ ಉರಿಸಿದ್ದು.

ಮಕ್ಕಳು ಮಾತ್ರ ನಿಶ್ಚಿಂತೆಯಾಗಿದ್ದರು. ರಜೆಗೆ ಮುಂಚೆ ಯಾಕಮ್ಮ ಗಾಜಿನ ಲೋಟಗಳಲ್ಲಿ ಒದ್ದೆ ಹತ್ತಿ ಇಟ್ಟು, ಗಾಜಿಗೆ ಅಂಟಿಸಿದ ಹಾಗೆ ಬೀನ್ಸ್ ಬೀಜ ಕೂರಿಸಿ ಕಿಟಕಿಯಲ್ಲಿ ಸಾಲಾಗಿ ಜೋಡಿಸಿದಳು. ರಜೆ ಮುಗಿಸಿ ಬಂದಾಗ ಬೇರು ಎಷ್ಟುದ್ದ ಇರುತ್ತದೆ ಎಂದು ಎಲ್ಲರೂ ತಮ್ಮ ತಮ್ಮ ಬೆರಳು ತೋರಿಸಿ ಅಂದಾಜು ಹೇಳಿದರು. ನಾನು ಅವಳ ಕೈಗೆ ನೀರಿನ ಚೊಂಬು ಕೊಟ್ಟೆ. ಇನ್ನೇನು ಮಾಡಲಿ?

ರಜೆಯಲ್ಲಿ ಕೆಲಸದವರು ಬಂದರು. ನನಗೆ ಹೇಳಿ ಕಳಿಸಿದ್ದು ಎಲ್ಲ ಮುಗಿದ ಮೇಲೆ. ಸಿಂಕು ಕಿತ್ತಿದ್ದರು. ನಲ್ಲಿಗೆ ಬಿರಡೆ ಹಾಕಿ ಮೇಲೆ ಸಿಮೆಂಟು ಬಳಿದಿದ್ದರು. ಕಿಟಕಿಗೆ ಹಲಗೆ ಹೊಡೆದಿದ್ದರು. ಬಾಗಿಲ ಮೇಲಿನ ಅಕ್ಷರಗಳ ಮೇಲೆ ಬೂದು ಬಣ್ಣ. ನನ್ನ ಸಾಮಾನು ಎಲ್ಲಿ ಎಂದರೆ ಆಯಾ ಹಿತ್ತಲ ಗೇಟಿನ ಕಡೆ ಕೈ ತೋರಿಸಿದಳು. ಕಸದ ಗಾಡಿ ಬಂದು ಹೋಗಿತ್ತು. ಅದು ಕಸವಲ್ಲ ಎಂದು ಕೆಲಸದವರಿಗೆ ಯಾರು ಹೇಳಬೇಕು? ಹೆಸರಿಗೆ ತಕ್ಕ ಹಾಗೆಯೇ ಆಯಿತು. ನಾನು ಹಿತ್ತಲಲ್ಲಿ ನಿಂತು ಅತ್ತೆ. ಆಯಾ ಸೆರಗಿನಲ್ಲಿ ತನ್ನ ಮುಖ ಒರೆಸಿಕೊಂಡಳು.

ಶಾಲೆ ಶುರುವಾದ ದಿನ ನಮ್ಮ ತರಗತಿಯದೇ ಮೊದಲ ಸರದಿ. ಮಕ್ಕಳು ಸಾಲಾಗಿ ಒಳಗೆ ಹೋದರು. ಕೋಣೆ ತಣ್ಣಗೆ, ಕತ್ತಲೆಯಾಗಿತ್ತು. ನೆಲಕ್ಕೆ ಮೆತ್ತನೆಯ ಚಾಪೆ ಹಾಸಿದ್ದರು, ಚೆನ್ನಾಗಿತ್ತು. ಯಾಕಮ್ಮ ಮೊದಲು ನೋಡಿದ್ದು ಕಿಟಕಿಯ ಕಡೆ. ಹಲಗೆಯನ್ನು ನೋಡಿದಳು, ನನ್ನನ್ನು ನೋಡಿದಳು. ಏನೂ ಕೇಳಲಿಲ್ಲ. ಅವಳು ಯಾಕೆ ಎನ್ನದೆ ಇದ್ದದ್ದನ್ನು ನಾನು ಕಂಡದ್ದು ಅದೇ ಮೊದಲು.

ಪರದೆ ನಡೆಸಲು ಒಬ್ಬ ಯುವಕನನ್ನು ನೇಮಿಸಿದ್ದರು. "ಎಲ್ಲ ಕೈ ಕಟ್ಟಿ ಕೂತ್ಕೊಳ್ಳಿ" ಎಂದ. ಕೂತರು. ಪರದೆ ಬೆಳಗಿತು. ಅದರಲ್ಲಿ ಬಂದದ್ದು ನಮ್ಮ ಕೋಣೆಯೇ. ನಮ್ಮ ಸಿಂಕು, ನಮ್ಮ ಕಿಟಕಿ, ನಮ್ಮ ನೀಲಿ ಟಬ್ಬು. ಅಳಿಯಂದ್ರು ಫೋನಿನಲ್ಲಿ ಹಿಡಿದಿದ್ದನ್ನು ಪರದೆಯವರು ಹಿಂದೆ ಸಂಗೀತ ಹಾಕಿ ಪಾಠ ಮಾಡಿದ್ದರು. ಮಕ್ಕಳಿಗೆ ಖುಷಿಯಾಗಲಿ ಎಂದು ಅಳಿಯಂದ್ರೇ ಹೇಳಿ ಮಾಡಿಸಿದ್ದಂತೆ. ಯಾಕಮ್ಮನ ಕೈ ಬಾಗಿಲಿನಷ್ಟು ದೊಡ್ಡದಾಗಿ ಬಂತು. ಉಗುರು ನಾಟಿತು. ಸಿಪ್ಪೆ ಬಿಟ್ಟಿತು. "ಸಿಪ್ಪೆ ಇಲ್ಲದ ಕಿತ್ತಳೆ ತೇಲುವುದೋ, ಮುಳುಗುವುದೋ?" ಎಂದಿತು ಒಂದು ನಯವಾದ ಹೆಂಗಸಿನ ದನಿ.

"ಮುಳುಗುತ್ತೆ!" ಎಂದರು ಎಲ್ಲರೂ. ಮುಳುಗಿತು. ಪರದೆಯ ಹುಡುಗ ಅದನ್ನೇ ಮತ್ತೆ ಹಾಕಿ ತೋರಿಸಿದ. ಮತ್ತೆ ಮುಳುಗಿತು.

ಯಾಕಮ್ಮ ಎದ್ದು ಪರದೆಯ ಹತ್ತಿರ ಹೋದಳು. ಬೆಳಗಿನ ತಿಂಡಿಯ ಜಾಮು ಬೆರಳಲ್ಲಿ ಇನ್ನೂ ಇತ್ತು. ತನ್ನದೇ ದೊಡ್ಡ ಕೈಯ ಮೇಲೆ ಸಣ್ಣ ಕೈ ಇಟ್ಟಳು. ಹಣ್ಣಿನ ಅಂಚನ್ನು ಉಗುರಿನಿಂದ ಕೆರೆದಳು.

"ಏಯ್! ಮುಟ್ಟಬೇಡ!" ಎಂದು ಹುಡುಗ ಓಡಿ ಬಂದ. ಅವಳ ರಟ್ಟೆ ಹಿಡಿದು ಹಿಂದೆ ಎಳೆದ. ಜೇಬಿನಿಂದ ಬಟ್ಟೆ ತೆಗೆದು ಗುರುತು ಒರೆಸಿದ, ಬಗ್ಗಿ ನೋಡಿ ಮತ್ತೆ ಒರೆಸಿದ. "ಗೀರು ಬಿದ್ರೆ ನನ್ನ ಕೆಲಸ ಹೋಗುತ್ತೆ. ಮುಟ್ಟೋ ಸಾಮಾನಲ್ಲ ಇದು, ನೋಡೋದು ಅಷ್ಟೆ. ಹೋಗು, ಹಿಂದೆ ನಿಂತ್ಕೋ." ಅವಳು ಹೋಗಿ ಗೋಡೆಗೆ ಒರಗಿ ನಿಂತಳು. ನಾನು ಅವನ ಮೇಲೆ ಹರಿಹಾಯ್ದೆ. ಅವನಿಗೂ ಹೆದರಿಕೆ, ಪಾಪ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡೆ ಅಷ್ಟೆ.

ನಾನು ಅವಳ ಪಕ್ಕ ಹೋಗಿ ನಿಂತೆ. "ಕಂದಾ, ಸಾರ್ ಮಾತು ಉಳಿಸ್ಕೊಳ್ಳಲಿಲ್ಲ. ನಿನ್ನ ತಪ್ಪಿಲ್ಲ ಇದರಲ್ಲಿ" ಎಂದೆ. ಕೊನೆಗೂ ಹೇಳಿಯೇಬಿಡೋಣ ಎಂದು ನಿಶ್ಚಯಿಸಿದ್ದೆ.

ಅವಳು ಪರದೆಯಿಂದ ಕಣ್ಣು ತೆಗೆಯದೆ ತಲೆಯಾಡಿಸಿದಳು. "ಇಲ್ಲ ಮಿಸ್. ಉಳಿಸ್ಕೊಂಡ್ರಲ್ಲ" ಎಂದಳು. "ನೋಡೋಣ ಅಂದಿದ್ರು. ನೋಡ್ತಾ ಇದೀವಿ."

ಭಾಷೆಯೇ ಅವರ ಕಡೆಗೆ ಸಾಕ್ಷಿ ಹೇಳಿದ ಮೇಲೆ ನನ್ನ ವಾದ ಯಾರಿಗೆ ಬೇಕು?

ಆಮೇಲೆ ಗದ್ದಲ ಕಡಿಮೆಯಾಯಿತು. ಶಾಲೆ ಮೆಚ್ಚಿಕೊಳ್ಳುವಷ್ಟು ಕಡಿಮೆಯಾಯಿತು. ಒಂದು ಸಂಜೆ ಗೇಟಿನ ಬಳಿ ಅಜ್ಜಿ ಸಿಕ್ಕಿ ನನ್ನ ಎರಡೂ ಕೈ ಹಿಡಿದುಕೊಂಡರು. "ಹುಡುಗಿ ಎಷ್ಟು ಸುಧಾರಿಸಿದಾಳೆ ಮಿಸ್! ಬಕೆಟ್ ಹತ್ರ ಹೋಗಲ್ಲ, ಬಟ್ಟೆ ಒದ್ದೆ ಮಾಡ್ಕೊಳ್ಳಲ್ಲ. ಹೇಳಿದ ಕಡೆ ಕೂತಿರ್ತಾಳೆ. ನೀವು ಚೆನ್ನಾಗಿ ತಿದ್ದಿದ್ರಿ, ಪುಣ್ಯ ಬರ್ಲಿ ನಿಮಗೆ." ಅವರ ಬೆನ್ನಿಗೆ ಅಂಟಿಕೊಂಡು ಯಾಕಮ್ಮ ನಿಂತಿದ್ದಳು, ಚೀಲ ಭುಜದಲ್ಲಿ, ಕೂದಲು ಒಂದೂ ಕೆದರಿರಲಿಲ್ಲ.

ಮಾರನೆಯ ದಿನ ನಾನು ಮನೆಯಿಂದ ಡಬ್ಬಿಯಲ್ಲಿ ಮಂಜುಗಡ್ಡೆ ತಂದೆ. ಬಟ್ಟೆ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದೆ. ಆಫೀಸಿನವರು ಬೈದರೆ ಬೈಯಲಿ. ತರಗತಿಯ ಬಾಗಿಲು ಮುಂದೆ ಮಾಡಿ, ಮೊದಲ ಬೆಂಚಿನ ಮೇಲೆ ಸ್ಟೀಲ್ ತಟ್ಟೆ ಇಟ್ಟು, ಗಡ್ಡೆಯನ್ನು ಅದರಲ್ಲಿ ಇಳಿಸಿದೆ. "ಬನ್ನಿ, ಸುತ್ತ ನಿಂತ್ಕೊಳ್ಳಿ. ಇದನ್ನ ಏನು ಮಾಡೋಣ? ಉಪ್ಪು ತಂದಿದೀನಿ, ದಾರ ತಂದಿದೀನಿ."

ಬಂದು ನಿಂತರು. ಎಲ್ಲರೂ ಕೈ ಕಟ್ಟಿಕೊಂಡರು, ನಾನು ಹೇಳದೆಯೇ. ಕೆಲವರು ಗಡ್ಡೆ ನೋಡಿದರು, ಕೆಲವರು ನನ್ನ ಮುಖ. ಹಿಂದಿನಿಂದ ಒಬ್ಬ "ಮಿಸ್, ಯಾವಾಗ ಶುರುವಾಗುತ್ತೆ?" ಎಂದು ಕೇಳಿದ.

"ನೀವು ಮುಟ್ಟಿದಾಗ" ಎಂದೆ. ಯಾರೂ ಮುಟ್ಟಲಿಲ್ಲ. ನಾನು ಕಾದೆ. ಗಡ್ಡೆ ಅಂಚಿನಲ್ಲಿ ಕರಗಿತು, ತಟ್ಟೆಯಲ್ಲಿ ಜಾರಿತು, ನೀರು ತುಂಬಿ ಬೆಂಚಿನ ಮೇಲೆ ಹರಿಯಿತು. ಎದುರಿಗಿದ್ದವರು ಬಟ್ಟೆ ಒದ್ದೆಯಾಗದಂತೆ ಹಿಂದೆ ಸರಿದರು. ನನ್ನ ಕಣ್ಣು ಮಂಜಾಯಿತು. ಮಕ್ಕಳಿಗೆ ಕಾಣಬಾರದೆಂದು ಬೋರ್ಡಿನ ಕಡೆ ತಿರುಗಿ, ಬೇಕಿಲ್ಲದಿದ್ದರೂ ಡಸ್ಟರು ಎತ್ತಿಕೊಂಡೆ.

ಮತ್ತೆ ಇತ್ತ ತಿರುಗಿದಾಗ ಯಾಕಮ್ಮ ತಟ್ಟೆಯಿಂದ ಕೈಯನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡದ್ದು ಕಂಡಿತು. ಗಡ್ಡೆಯ ಮೇಲೆ ಸಣ್ಣ ಬೆರಳಿನ ಗುಳಿ ಬಿದ್ದಿತ್ತು. ಅವಳ ಬಳಿಗೆ ಹೋಗಿ, ಮಂಡಿಯೂರಿ ಕೂತು, "ಹೇಗಿತ್ತು ಕಂದಾ? ಹೇಳು, ಹೇಗಿತ್ತು?" ಎಂದು ಕೇಳಿದೆ.

ಅವಳು ಬೆರಳನ್ನು ಲಂಗಕ್ಕೆ ಒರೆಸಿದಳು. ಚೆನ್ನಾಗಿ, ಒಂದು ಹನಿಯೂ ಉಳಿಯದಂತೆ ಒರೆಸಿದಳು. ಆಮೇಲೆ ಎರಡೂ ಕೈ ಕಟ್ಟಿಕೊಂಡು ನನ್ನ ಮುಖ ನೋಡಿದಳು.

"ನಾನಲ್ಲ ಮಿಸ್" ಎಂದಳು. "ನಾನು ಮುಟ್ಟೇ ಇಲ್ಲ."